ಮೂತ್ರಪಿಂಡಕ್ಕೆ ಮರದಂಟಿನ ನೆರವು

ಗೋಕಾಕ, ಅಮೀನಗಡಗಳ ಕರದಂಟಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಬಾಣಂತಿಗೆ ಅಂಟಿನುಂಡೆ ಕಟ್ಟಿಕೊಡುವ ಪದ್ಧತಿಯೂ ಎಷ್ಟೋ ಮನೆಗಳಲ್ಲಿ ಉಳಿದುಬಂದಿದೆ. ಮರವು ಒಸರಿದ ಅಂಟು ಹೀಗೆ ಮನುಷ್ಯನಿಗೆ ಆಹಾರವಾಯಿತು. ಅಂಥದೇ ಒಂದು ಅಂಟು ಮೂತ್ರಪಿಂಡದ ರೋಗಿಗೂ ನೆರವಾದೀತೇ ಎಂಬುದು ವೈದ್ಯಶಾಸ್ತ್ರದ ಮುಂದಿರುವ ಕುತೂಹಲದ ಪ್ರಶ್ನೆ.

ಸೂಡಾನಿನ ಕೊರ್ಡೊಫಾನ್ ಸೀಮೆಯಲ್ಲಿ ಹಶಾಬ್ ಎಂಬ ಜಾಲಿಯ ಮರಗಳಿವೆ. ಮಳೆಗಾಲ ಕಳೆದ ಮೇಲೆ ರೈತರು ಅವುಗಳ ತೊಗಟೆಯನ್ನು ಸೀಳುತ್ತಾರೆ. ಕೆಲವು ವಾರಗಳಲ್ಲಿ ಆ ಗಾಯದಿಂದ ಒಸರಿದ ರಸವು ಗಟ್ಟಿಯಾಗಿ, ಹೊಂಬಣ್ಣದ ಉಂಡೆಗಳಾಗುತ್ತದೆ. ಮಸಿಗೂ ಮಿಠಾಯಿಗೂ ಬೇಕಾದ ಗಮ್ ಅರೇಬಿಕ್ ಇದೇ. ಮೂತ್ರಪಿಂಡದ ಬೇನೆಗೆ ಇದನ್ನು ಕೊಡುವುದು ಅರಬ್ ನಾಡುಗಳ ಹಳೆಯ ಮನೆಮದ್ದು.

ಆರೋಗ್ಯವಂತನ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕುತ್ತವೆ. ಈ ಶಕ್ತಿ ಕುಂದಿದಾಗ ಯೂರಿಯಾ ಮೊದಲಾದ ಕಶ್ಮಲಗಳು ರಕ್ತದಲ್ಲಿ ಉಳಿಯುತ್ತವೆ. ಆಗ ರೋಗಿಯ ಊಟಕ್ಕೆ ಕಟ್ಟುಪಾಡು ಬರುತ್ತದೆ. ಪೊಟ್ಯಾಸಿಯಮ್ ಏರೀತೆಂಬ ಭಯದಿಂದ ಹಣ್ಣು ತರಕಾರಿಗಳೂ ತಗ್ಗುತ್ತವೆ. ಅವುಗಳೊಡನೆ ನಾರಿನ ಅಂಶವೂ ಹೋಗಿ, ಮಲಬದ್ಧತೆ ಕಾಡುತ್ತದೆ. ಕರುಳಿನಲ್ಲಿ ಉಳಿದ ಪ್ರೋಟೀನನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವುದರಿಂದ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಎಂಬ ವಿಷಗಳಿಗೆ ಮೂಲವಸ್ತು ಹುಟ್ಟುತ್ತದೆ. ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವ ಈ ವಿಷಗಳನ್ನು ಡಯಾಲಿಸಿಸ್ ಯಂತ್ರವೂ ಸುಲಭವಾಗಿ ತೆಗೆಯಲಾರದು.

ಗೋಂದು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳನ್ನು ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವು ಬೆಳೆಯಲು ಸಾರಜನಕ ಬೇಕು. ರಕ್ತದಿಂದ ಕರುಳಿಗೆ ಇಳಿದ ಯೂರಿಯಾದಿಂದ ಅವು ಅದನ್ನು ಪಡೆಯುತ್ತವೆ; ಕೊನೆಗೆ ಮಲದೊಡನೆ ಹೊರಬೀಳುತ್ತವೆ. ಮೂತ್ರದ ದಾರಿ ಕಟ್ಟಿದಾಗ ಕಶ್ಮಲಕ್ಕೆ ಇದೊಂದು ಹಿತ್ತಿಲ ಬಾಗಿಲು. ಇಂಥ ಆಹಾರಕ್ಕೆ ‘ಪ್ರಿಬಯಾಟಿಕ್’ ಎಂಬ ಹೆಸರನ್ನು 1995ರಲ್ಲಿ ಗಿಬ್ಸನ್ ಮತ್ತು ರೋಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಕೊಟ್ಟರು.

ಮರುವರ್ಷವೇ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಿತ ಪ್ರೋಟೀನಿನ ಪಥ್ಯದಲ್ಲಿದ್ದ 16 ರೋಗಿಗಳಿಗೆ ದಿನಕ್ಕೆ 50 ಗ್ರಾಂ ಗೋಂದನ್ನು ಕೊಡಲಾಯಿತು. ರಕ್ತದ ಯೂರಿಯಾ ತಗ್ಗಿತು. ಮಲದಲ್ಲಿ ಸಾರಜನಕ ಹೆಚ್ಚಿತು. 2016ರಲ್ಲಿ ಆಸ್ಟ್ರೇಲಿಯದ ವೈದ್ಯರು ನಾರಿನೊಡನೆ ಹಿತಕರ ಸೂಕ್ಷ್ಮಜೀವಿಗಳನ್ನೂ ಕೂಡಿಸಿ ಕೊಟ್ಟಾಗ, ಪಿ-ಕ್ರೆಸಿಲ್ ಸಲ್ಫೇಟ್ ಇಳಿಯಿತು. ಇಂಡಾಕ್ಸಿಲ್ ಸಲ್ಫೇಟ್ ಮಾತ್ರ ಗಣನೀಯವಾಗಿ ಇಳಿಯಲಿಲ್ಲ.

ಇಷ್ಟರಿಂದ ಹಿಗ್ಗುವಂತಿಲ್ಲ. ರಕ್ತಪರೀಕ್ಷೆಯ ಅಂಕಿ ಇಳಿಯುವುದು ಬೇರೆ, ಆಯುಷ್ಯ ಹೆಚ್ಚುವುದು ಬೇರೆ. ನಾರಿನ ಪುಡಿಯಿಂದ ರೋಗ ನಿಂತಿತೆಂದಾಗಲಿ ಡಯಾಲಿಸಿಸ್ ತಪ್ಪಿತೆಂದಾಗಲಿ ಸಿದ್ಧವಾಗಿಲ್ಲ. ಗೋಂದಿನಲ್ಲೇ ಪೊಟ್ಯಾಸಿಯಮ್ ಉಂಟು. ಈಸಬಗೋಲಿನಂಥ ಪುಡಿಗಳಿಗೆ ಧಾರಾಳವಾಗಿ ನೀರು ಬೇಕು. ನೀರಿಗೇ ಮಿತಿಯಿರುವ ರೋಗಿಗೆ ಅದು ತೊಡಕು. ಹೊಟ್ಟೆಯುಬ್ಬರವೂ ಬರಬಹುದು. ಇನ್ನು ಕರದಂಟು ಔಷಧವೆಂದು ಭ್ರಮಿಸಬಾರದು. ಅದರಲ್ಲಿರುವ ಬೆಲ್ಲ, ಕೊಬ್ಬರಿ, ದ್ರಾಕ್ಷಿ, ಗೋಡಂಬಿಗಳು ಈ ರೋಗಿಗೆ ಹಿತವಲ್ಲ.

ಆದುದರಿಂದ ಮನೆಯವರು ಅಂಗಡಿಯ ಡಬ್ಬಿಯನ್ನು ತೆರೆಯುವ ಮುನ್ನ, ರೋಗಿಯ ರಕ್ತಪರೀಕ್ಷೆಯ ವರದಿಯೊಡನೆ ವೈದ್ಯರನ್ನೂ ಪಥ್ಯತಜ್ಞರನ್ನೂ ಕಾಣುವುದು ವಿಹಿತ. ಯಾವ ತರಕಾರಿಯನ್ನು ಎಷ್ಟು ತಿನ್ನಬಹುದೆಂದು ಕೇಳಿ ತಿಳಿದರೆ, ಕಳೆದುಹೋದ ನಾರಿನಲ್ಲಿ ಸ್ವಲ್ಪವಾದರೂ ರೋಗಿಯ ತಟ್ಟೆಗೆ ಮರಳಿ ಬಂದೀತು.