ತಾರೆಯರ ಸೂಜಿ... ಲೈಟ್‌ಬಾಯ್ ಜೇಬು!

ಒಬ್ಬ ನಾಯಕನಟ ಆರು ತಿಂಗಳು ಕಣ್ಣಿಗೆ ಬೀಳದೆ, ಆಮೇಲೆ ಸಪೂರವಾಗಿ ಮುಹೂರ್ತಕ್ಕೆ ಬಂದರೆ ಸಾಕು, ಗಾಂಧಿನಗರದ ಟೀ ಅಂಗಡಿಗಳಲ್ಲಿ ಪಿಸುಪಿಸು ಶುರು. "ಜಿಮ್ಮಾ, ಡಯಟ್ಟಾ, ಇಲ್ಲಾ ಆ ಸೂಜಿನಾ?" ನಮ್ಮಲ್ಲಿ ಬಾಯಿ ಬಿಡುವವರು ಕಡಿಮೆ. ಅಮೆರಿಕದ ಟಿವಿ ರಾಣಿ ಓಪ್ರಾ ವಿನ್‌ಫ್ರೇ ಮಾತ್ರ 2023ರ ಡಿಸೆಂಬರ್‌ನಲ್ಲಿ, ತೂಕ ಇಳಿಸಲು ಮದ್ದು ತಗೊಂಡದ್ದು ನಿಜ ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು.

ತಾರೆಯರ ಸಂಗತಿ ಇರಲಿ ಮಿತ್ರರೇ. ನಾನು ಹೇಳಹೊರಟಿರುವುದು ಕ್ಯಾಮೆರಾ ಹಿಂದೆ ನಿಂತವರ ಕತೆ.

ನನಗೆ ಪರಿಚಯದ ಒಬ್ಬ ಲೈಟ್‌ಬಾಯ್ ಇದ್ದಾರೆ. 'ಬಾಯ್' ಅಂದಮಾತ್ರಕ್ಕೆ ಹುಡುಗ ಅಲ್ಲ, ವಯಸ್ಸು 46. ಹೆಸರು ಹಾಕಬೇಡ ಅಂದಿದ್ದಾರೆ. ಯೂನಿಟ್ಟಿನವರೆಲ್ಲ ಅಣ್ಣ ಅನ್ನುತ್ತಾರೆ, ನಾನೂ ಹಾಗೇ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ತೂಕ 98 ಕಿಲೋ. ಮಾತ್ರೆ ನುಂಗಿದರೂ ಸಕ್ಕರೆ ಹಿಡಿತಕ್ಕೆ ಬರಲಿಲ್ಲ. ಡಾಕ್ಟರು ಮೌಂಜಾರೊ ಬರೆದುಕೊಟ್ಟರು. ಸಿನಿಮಾದವರ ಸೂಜಿ ಅಂತ ಜನ ಆಡಿಕೊಳ್ಳುವ ಈ ಮದ್ದು ಮೊದಲು ಬಂದದ್ದೇ ಅಣ್ಣನಂಥ ಸಕ್ಕರೆ ರೋಗಿಗಳಿಗೆ!

"ಮೆಡಿಕಲ್ ಸ್ಟೋರಲ್ಲಿ ರೇಟ್ ಕೇಳ್ದೆ ಕಣಪ್ಪಾ. ಹೊರಗೆ ಬಂದು ಮೆಟ್ಲ ಮೇಲೆ ಕೂತ್ಬಿಟ್ಟೆ. ಮಗಳ ಕಾಲೇಜ್ ಫೀಸಿಗೆ ಅಂತ ಚೀಟಿ ಹಾಕಿದೀನಿ. ಅದನ್ನೇ ಎತ್ಬಿಡ್ಲಾ?" ಅಂತ ನನ್ನನ್ನು ಕೇಳಿದರು.

ನಾನೋ ಪಿಯುಸಿ ಅರ್ಧಕ್ಕೆ ಬಿಟ್ಟವನು. ಆದರೂ ಪೆನ್ನು ಹಿಡಿದು ಕೂತೆ.

ಲೆಕ್ಕ ಕೇಳಿ ಸ್ವಾಮಿ!

ಮೌಂಜಾರೊ ನಮ್ಮ ದೇಶಕ್ಕೆ ಕಾಲಿಟ್ಟದ್ದು 2025ರ ಮಾರ್ಚ್‌ನಲ್ಲಿ. ವಾರಕ್ಕೊಂದು ಸೂಜಿ. ಬಂದ ಹೊಸದರಲ್ಲಿ 2.5 ಮಿಲಿಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಂ ಸೀಸೆಗೆ 4,375. ಮೊದಲ ನಾಲ್ಕು ವಾರ ಚಿಕ್ಕದು, ಆಮೇಲೆ ದೊಡ್ಡದು ಅಂತ ಇಟ್ಟುಕೊಂಡರೆ 52 ವಾರಕ್ಕೆ 2,24,000 ರೂಪಾಯಿ! ಡೋಸು ಏರಿದರೆ ಇನ್ನೂ ಹೆಚ್ಚು. ಆ ವರ್ಷದ ಜೂನ್‌ನಲ್ಲಿ ವೆಗೊವಿ ಬಂತು. ಶುರುವಿನ ಡೋಸಿಗೇ ತಿಂಗಳಿಗೆ 17,345. ನವೆಂಬರ್‌ನಲ್ಲಿ ಕಂಪನಿಯೇ ಅದನ್ನು 10,850ಕ್ಕೆ ಇಳಿಸಿತು. ಡಿಸೆಂಬರ್‌ನಲ್ಲಿ ಒಜೆಂಪಿಕ್ 8,800ಕ್ಕೆ ಬಂತು. ಪೈಪೋಟಿ ಅಂದರೆ ಹಬ್ಬದ ವಾರದಲ್ಲಿ ಮೂರು ಸ್ಟಾರ್ ಚಿತ್ರ ಬಿಡುಗಡೆಯಾದ ಹಾಗೆ!

"ಮೂರು ತಿಂಗ್ಳು ಹಾಕ್ಕೊಂಡು ನಿಲ್ಲಿಸಿದ್ರೆ?" ಅಂದರು ಅಣ್ಣ.

ಇಲ್ಲೇ ಇರೋದು ನೋಡಿ ಟ್ವಿಸ್ಟು. ಊಟ ಆದ ಮೇಲೆ ನಮ್ಮ ಕರುಳಿನಲ್ಲಿ ಹುಟ್ಟುವ ಹಾರ್ಮೋನಿನ ವೇಷ ಹಾಕಿ ಈ ಮದ್ದು ಕೆಲಸ ಮಾಡುತ್ತೆ. ಹಸಿವು ತಗ್ಗುತ್ತೆ, ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತೆ, ಸಕ್ಕರೆ ಏರಿದಾಗ ಇನ್ಸುಲಿನ್ ಹೆಚ್ಚುತ್ತೆ. ಸೂಜಿ ನಿಂತರೆ ಹಸಿವು ಮರಳಿ ಬರುತ್ತೆ. ವೆಗೊವಿ, ಒಜೆಂಪಿಕ್ ಎರಡರಲ್ಲೂ ಇರುವ ಸೆಮಾಗ್ಲುಟೈಡ್ ಮದ್ದನ್ನು ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಕಳೆದುಕೊಂಡ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಅಂದರೆ ಚೀಟಿ ದುಡ್ಡೂ ಹೋಗಿ, ಹೊಟ್ಟೆಯೂ ಮರಳಿ ಬಂದ ಹಾಗೆ!

ಹಾಗಾದ್ರೆ ದಾರಿ?

ಮದ್ದಿನ ಬೆಲೆ ನಿಂತಿರುವುದು ಪೇಟೆಂಟಿನ ಮೇಲೆ. ಎಂಪಾಗ್ಲಿಫ್ಲೋಜಿನ್ ಅಂತ ಒಂದು ಸಕ್ಕರೆ ಮಾತ್ರೆ ಇದೆ. ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟು ಮುಗಿದದ್ದೇ ತಡ, ದೇಶಿ ಕಂಪನಿಗಳು ಮುಗಿಬಿದ್ದು 10 ರೂಪಾಯಿ ಆಸುಪಾಸಿಗೆ ತಂದವು. ಸೆಮಾಗ್ಲುಟೈಡಿನ ಪೇಟೆಂಟು ನಮ್ಮಲ್ಲಿ 2026ರ ಮಾರ್ಚ್‌ಗೆ ಮುಗಿಯಿತು. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್‌ಗೆ ಮಾತ್ರ ಆ ಕಾಲ ಇನ್ನೂ ದೂರ.

"ಡಾಕ್ಟರ ಹತ್ರಾನೇ ಹೋಗಿ ನಿಮ್ಮ ಸಂಪಾದನೆ ಹೇಳಿ ಅಣ್ಣ" ಅಂದೆ. ಮರ್ಯಾದೆ ಪ್ರಶ್ನೆ ಅಂತ ವಾರಗಟ್ಟಲೆ ಹಿಂಜರಿದರು. ಕೊನೆಗೆ ಹೋದರು. ಡಾಕ್ಟರು ಬೈಯಲಿಲ್ಲ. "ಮೊದಲೇ ಹೇಳಬಾರದಿತ್ತೇನ್ರೀ?" ಅಂದರಂತೆ. ಮೆಟ್‌ಫಾರ್ಮಿನ್ ಜನೌಷಧಿ ಅಂಗಡಿಯಿಂದ ತಗೊಳ್ಳಿ ಅಂತ ಹೇಳಿ, ಜೊತೆಗೆ ಬೆಲೆ ಇಳಿದ ಆ ಮಾತ್ರೆ ಸೇರಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ ಈಗ 9.4ರಿಂದ 7.8ಕ್ಕೆ ಬಂದಿದೆ. ಪವಾಡ ಏನಿಲ್ಲ, ಹೊಟ್ಟೆ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಚೀಟಿ ಮುರಿಯಲಿಲ್ಲ. ಮಗಳು ಕಾಲೇಜಿಗೆ ಸೇರಿದಳು. ದೇಶಿ ಸೂಜಿ ವರ್ಷವಿಡೀ ತಗೊಳ್ಳೋಕೆ ಕೈಗೆಟುಕಿದರೆ ಆಗ ನೋಡೋಣ ಅಂತ ಡಾಕ್ಟರೂ ಒಪ್ಪಿದ್ದಾರೆ.

ಜಿಮ್ಮಿನ ಗೆಳೆಯರಿಗೆ ಒಂದು ಕಿವಿಮಾತು. ಹೀರೋ ಥರ ಕಾಣೋಕೆ ಅಂತ ಯಾರೋ ಬ್ಯಾಗಿನಿಂದ ತೆಗೆದುಕೊಟ್ಟ ಸೂಜಿ ಚುಚ್ಚಿಕೊಳ್ಳಬೇಡಿ. ನಕಲಿ ಒಜೆಂಪಿಕ್ ಸಿಕ್ಕಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಸಿತ್ತು. ಅಸಲಿಯನ್ನೂ 2ರಿಂದ 8 ಡಿಗ್ರಿ ತಣ್ಣಗೆ ಕಾಪಾಡಬೇಕು. ವಾಂತಿ, ವಾಕರಿಕೆ ಸಾಮಾನ್ಯ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಉಂಟು. ಡಾಕ್ಟರಿಲ್ಲದೆ ಇದರ ಸಹವಾಸ ಬೇಡ.

ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು ಅಂತ 2023ರಲ್ಲಿ ಬಂದ ಐಸಿಎಂಆರ್ ವರದಿ ಹೇಳಿತ್ತು. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಅಪ್ಪನಿಗೋ ಅಮ್ಮನಿಗೋ ಈ ಸೂಜಿ ಬರೆದರೆ, ಜೊತೆಗೆ ಹೋಗಿ ಅಲ್ಲೇ ಕೇಳಿ: "ಸಾರ್, ವರ್ಷಕ್ಕೆ ಎಷ್ಟಾಗುತ್ತೆ? ಇದೇ ಮದ್ದು ಬೇರೆ ಕಂಪನೀದು ಅಗ್ಗಕ್ಕೆ ಇದೆಯಾ?" ಕೇಳೋಕೆ ನಾಚಿಕೆ ಯಾಕೆ? ಬಿಲ್ ಕಟ್ಟೋರು ನಾವೇ ತಾನೆ!