ಸುಂಕದ ಕಟ್ಟೆಯ ಯಂತ್ರವೂ ಪರರಾಜ್ಯದ ಸಾಲವೂ

ಸಂಸ್ಕೃತದ ‘ಶುಲ್ಕ’ ಶಬ್ದದ ತದ್ಭವವೇ ನಮ್ಮ ‘ಸುಂಕ’. ಶಾಸನಗಳ ‘ಪೆರ್ಜುಂಕ’ದಲ್ಲಿರುವುದೂ ಇದೇ ಪದ. ಸುಂಕವೆಷ್ಟು ಹಳೆಯದೋ, ಸರಕನ್ನು ಮರೆಸಿ ಅದನ್ನು ತಪ್ಪಿಸುವ ಉಪಾಯವೂ ಅಷ್ಟೇ ಹಳೆಯದು. ಮುಚ್ಚಿದ ಮೂಟೆಯೊಳಗೇನಿದೆಯೆಂದು ರಾಜ್ಯವು ಅರಿಯುವ ಬಗೆ ಯಾವುದು, ಆ ಅರಿವಿಗೆ ಬೆಲೆ ತೆರುವವರು ಯಾರು ಎಂಬೆರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸುವೆವು.

ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವಿದೆ. ಗಡಿಯ ಅಂತಪಾಲನು ಪರದೇಶದ ಸಾರ್ಥದ ಸರಕನ್ನು ಪರೀಕ್ಷಿಸಿ ಮುದ್ರೆಯೊತ್ತಿ ಕಳುಹಿಸತಕ್ಕದ್ದು. ಮುದ್ರೆಯಿಲ್ಲದ ಸರಕಿಗೆ ಶುಲ್ಕದ ಇಮ್ಮಡಿ, ಕಳ್ಳಮುದ್ರೆಗೆ ಎಂಟುಮಡಿ ದಂಡ. ವರ್ತಕವೇಷದ ಚಾರನು ಸಾರ್ಥದ ಪ್ರಮಾಣವನ್ನು ಮೊದಲೇ ಅರಸನಿಗೆ ತಿಳಿಸುವನು. ಅರಸನು ಅದನ್ನು ಅಧ್ಯಕ್ಷನಿಗೆ ಹೇಳಿ ತನ್ನ ಸರ್ವಜ್ಞತ್ವವನ್ನು ತೋರ್ಪಡಿಸುವನು. ಚಾರನು ಅರಸನವನೇ ಆದುದರಿಂದ ಆ ಅರಿವೂ ರಾಜ್ಯದ ಸ್ವಂತ ಸೊತ್ತಾಗಿತ್ತು.

ಇಂದು ಆ ಚಾರನ ಕೆಲಸದ ಬಹುಭಾಗವನ್ನು ಯಂತ್ರವು ವಹಿಸಿಕೊಂಡಿದೆ. ಪ್ರಬಲವಾದ ಕ್ಷಕಿರಣಗಳು ಉಕ್ಕಿನ ಕಂಟೇನರನ್ನು ಭೇದಿಸಿ ಹೋಗುತ್ತವೆ. ದಟ್ಟವಾದ ವಸ್ತು ಅವುಗಳನ್ನು ಹೆಚ್ಚಾಗಿ ಹೀರುವುದರಿಂದ ಒಳಗಿನ ಸರಕಿನ ಛಾಯೆ ಮೂಡುತ್ತದೆ. ಅದನ್ನು ವರ್ತಕನು ಕೊಟ್ಟ ಪಟ್ಟಿಯೊಡನೆ ಹೋಲಿಸಿ, ಸಂಶಯವುಂಟಾದರೆ ಮಾತ್ರ ತೆರೆದು ನೋಡುವರು. 2005ರಲ್ಲಿ ವಿಶ್ವ ಸುಂಕ ಸಂಘಟನೆಯು ಅಂಗೀಕರಿಸಿದ ಭದ್ರತಾ ನಿಯಮಾವಳಿಯೂ ಇಂತಹ ಯಂತ್ರಗಳ ಬಳಕೆಯನ್ನು ಪ್ರೋತ್ಸಾಹಿಸಿತು.

ಆದರೆ ಯಂತ್ರಗಳ ಬೆಲೆ ದೊಡ್ಡದು. ಬಡರಾಜ್ಯಗಳ ಬೊಕ್ಕಸ ಚಿಕ್ಕದು. ಆಗ ಯಂತ್ರವನ್ನು ತಯಾರಿಸುವ ದೇಶದ ಸರಕಾರವೇ ಅಲ್ಪಬಡ್ಡಿಯ ಸಾಲವನ್ನು ಕೊಡಮುಂದಾಗುತ್ತದೆ. ಇಂತಹ ಸಾಲಕ್ಕೆ ಅನೇಕವೇಳೆ ಒಂದು ಕಟ್ಟು ಇರುತ್ತದೆ: ಸರಕನ್ನು ಸಾಲಕೊಟ್ಟ ದೇಶದಿಂದಲೇ ಕೊಳ್ಳಬೇಕು. ಹಣವು ಸಾಮಾನ್ಯವಾಗಿ ಬ್ಯಾಂಕಿನಿಂದ ನೇರವಾಗಿ ಮಾರುವವನಿಗೆ ಸಲ್ಲುತ್ತದೆ. ಕೊಳ್ಳುವ ರಾಜ್ಯಕ್ಕೆ ಬರುವುದು ಯಂತ್ರ, ಉಳಿಯುವುದು ಋಣ.

ಬಡ್ಡಿ ಅಲ್ಪವೆಂದ ಮಾತ್ರಕ್ಕೆ ವ್ಯವಹಾರವು ಲಾಭದ್ದೆನ್ನಲಾಗದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಟ್ಟುಳ್ಳ ಸಾಲದಲ್ಲಿ ಯಂತ್ರದ ಬೆಲೆ 100. ಬಡ್ಡಿ ನೂರಕ್ಕೆ 2. ಬಹಿರಂಗ ಪೈಪೋಟಿಯಲ್ಲಿ ಅದೇ ಯಂತ್ರ 75ಕ್ಕೆ ದೊರೆಯುವುದು; ಬಡ್ಡಿ 5. ಎರಡನ್ನೂ 20 ವರ್ಷಗಳ ಸಮಕಂತುಗಳಲ್ಲಿ ಅಸಲು ತೀರಿಸಿದರೆ, ಮೊದಲನೆಯದಕ್ಕೆ ಒಟ್ಟು 121, ಎರಡನೆಯದಕ್ಕೆ ಸುಮಾರು 114 ತೆರಬೇಕಾಗುವುದು. ಬಡ್ಡಿಯಲ್ಲಿ ಬಿಟ್ಟದ್ದು ಬೆಲೆಯಲ್ಲಿ ಸೇರಿಕೊಂಡಿತು. ಮೇಲಾಗಿ, ಕಂತು ಮುಗಿಯುವ ಮೊದಲೇ ಯಂತ್ರವು ಸವೆಯಬಹುದು. ಅದರ ಬಿಡಿಭಾಗಗಳಿಗೂ ದುರಸ್ತಿಗೂ ಮಾರಿದವನನ್ನೇ ಆಶ್ರಯಿಸಬೇಕಾಗುವುದು.

ಆಫ್ರಿಕಾದ ನಮೀಬಿಯಾ ರಾಜ್ಯದ ಪ್ರಸಂಗವು ಇಲ್ಲಿ ಸ್ಮರಣೀಯ. ಅದು 2008ರಲ್ಲಿ ಚೀನಾದ ರಿಯಾಯಿತಿ ಸಾಲದ ಆಧಾರದ ಮೇಲೆ, ಸುಮಾರು 5.5 ಕೋಟಿ ಡಾಲರುಗಳಿಗೆ, ಚೀನಾದ ಸಂಸ್ಥೆಯೊಂದರಿಂದ 13 ಯಂತ್ರಗಳನ್ನು ಕೊಳ್ಳಲು ಒಪ್ಪಿತು. 2009ರಲ್ಲಿ ಆ ವ್ಯವಹಾರದಲ್ಲಿ ಲಂಚದ ಆರೋಪವೆದ್ದು ಪ್ರಕರಣವು ನ್ಯಾಯಾಲಯವನ್ನು ಸೇರಿತು. ಕಳ್ಳಸರಕನ್ನು ಹಿಡಿಯತಕ್ಕ ಯಂತ್ರದ ಕ್ರಯವೇ ಹೀಗೆ ಪರೀಕ್ಷೆಗೆ ಒಳಗಾಯಿತು.

ಇದರಿಂದ ಪರರಾಜ್ಯದ ಸಾಲವೆಲ್ಲವೂ ತ್ಯಾಜ್ಯವೆಂದು ಸಿದ್ಧವಾಗುವುದಿಲ್ಲ. ತಪ್ಪಿಹೋಗುತ್ತಿದ್ದ ಸುಂಕವು ಯಂತ್ರದಿಂದ ದೊರೆತು ಕಂತನ್ನು ಮೀರಿದರೆ ಅದು ಸಾರ್ಥಕ ಋಣವೇ ಸರಿ. ಆದರೆ ಬೆಲೆಯನ್ನು ಪೈಪೋಟಿಯಿಂದ ನಿಶ್ಚಯಿಸಬೇಕು, ಪತ್ರದ ಕರಾರುಗಳು ಪ್ರಜೆಗಳಿಗೆ ತಿಳಿದಿರಬೇಕು, ಯಂತ್ರವನ್ನು ನಡೆಸುವ ವಿದ್ಯೆ ಸ್ವದೇಶೀಯರಿಗೆ ಕರಗತವಾಗಬೇಕು. ಮನುವು ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವನ್ನೇ ಮೊದಲು ಎಣಿಸಿದನು. ವರ್ತಕನ ಮೂಟೆಯನ್ನು ಪರೀಕ್ಷಿಸುವ ರಾಜ್ಯವು ತನ್ನ ಸಾಲಪತ್ರವನ್ನೂ ಅಷ್ಟೇ ಎಚ್ಚರದಿಂದ ಪರೀಕ್ಷಿಸತಕ್ಕದ್ದು.