ಗಿಟಾರಿನ ಆಕಾರ ಯಾರ ಸೊತ್ತು?

ವಾಸ್ಕೋದ ಮದುವೆ ಮಂಟಪಗಳಲ್ಲಿ, ಚರ್ಚ್ ಹಬ್ಬದ ವೇದಿಕೆಗಳಲ್ಲಿ ವಾದಕರು ಹೆಗಲಿಗೇರಿಸುವ ವಿದ್ಯುತ್ ಗಿಟಾರುಗಳಲ್ಲಿ ಒಂದು ಆಕಾರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಕುತ್ತಿಗೆಯ ಇಕ್ಕೆಲಗಳಲ್ಲಿ ಎರಡು ಕೊಂಬು, ಅಂಚೆಲ್ಲ ನುಣುಪು. ತಲೆಯ ಮೇಲೆ ಬರೆದ ಹೆಸರು ಮಾತ್ರ ಒಂದೊಂದರಲ್ಲಿ ಒಂದೊಂದು. ಒಬ್ಬರ ವಿನ್ಯಾಸವನ್ನು ಇಷ್ಟು ಮಂದಿ ತಯಾರಕರು ಬಳಸಬಹುದೇ? ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಲು 55 ವರ್ಷ ಹಿಡಿಯಿತು.

ಈ ಆಕಾರದ ಮೂಲ ಸ್ಟ್ರಾಟೊಕ್ಯಾಸ್ಟರ್. 1954ರಲ್ಲಿ ಇದನ್ನು ಮಾರುಕಟ್ಟೆಗೆ ತಂದವರು ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್. ಅವರು ರೇಡಿಯೊ ದುರಸ್ತಿಯ ಅಂಗಡಿಯಿಂದ ಮೇಲೆ ಬಂದವರು. ಗಿಟಾರ್ ನುಡಿಸಲು ಅವರಿಗೆ ಬಾರದು. ಬಹುಶಃ ಅದರಿಂದಲೇ ನುಡಿಸುವವರ ದೂರಿಗೆ ಕಿವಿಗೊಡುತ್ತಿದ್ದರು. ಅವರ ಹಿಂದಿನ ಟೆಲಿಕ್ಯಾಸ್ಟರ್ ಹಲಗೆಯಂತೆ ಚಪ್ಪಟೆ. ಅದರ ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ವಾದಕ ಬಿಲ್ ಕಾರ್ಸನ್ ಆಕ್ಷೇಪಿಸಿದ್ದರು. ಹವಾಯಿ ಮೂಲದ ಫ್ರೆಡ್ಡಿ ಟವಾರೆಸ್ ಹೊಸ ಒಡಲಿನ ರೇಖೆ ಬರೆದರು. ಹೊಟ್ಟೆ ತಾಗುವಲ್ಲಿಯೂ ಮುಂಗೈ ಊರುವಲ್ಲಿಯೂ ಮರವನ್ನು ಹೆರೆದು ತೆಗೆಯಲಾಯಿತು. ಕೊಂಬುಗಳ ಪಕ್ಕದ ತಗ್ಗು, ತಾರಸ್ಥಾಯಿಯ ಮನೆಗಳನ್ನು ಬೆರಳು ತಲುಪಲೆಂದು. ಇಂದು ಅಂದವೆನಿಸುವುದರಲ್ಲಿ ಹೆಚ್ಚಿನದು ಅನುಕೂಲಕ್ಕಾಗಿ ಹುಟ್ಟಿದ್ದು.

1965ರಲ್ಲಿ ಫೆಂಡರ್ ಸಂಸ್ಥೆಯನ್ನು ಸಿಬಿಎಸ್ ಕಂಪನಿಗೆ 1.3 ಕೋಟಿ ಡಾಲರಿಗೆ ಮಾರಿದರು. ಎಪ್ಪತ್ತರ ದಶಕದಲ್ಲಿ ಜಪಾನಿನ ಪ್ರತಿರೂಪಗಳು ಹರಿದುಬಂದವು. ಒಡಲಿನ ಆಕಾರವನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಬೇಕೆಂದು ಸಂಸ್ಥೆ ಅರ್ಜಿ ಹಾಕಿದ್ದು 2003ರಲ್ಲಿ! ಅನ್ಯ ತಯಾರಕರು ಒಟ್ಟಾಗಿ ವಿರೋಧಿಸಿದರು. 2009ರ ಮಾರ್ಚ್ 25ರಂದು ಅಲ್ಲಿನ ವ್ಯಾಪಾರ ಚಿಹ್ನೆ ಮಂಡಳಿ ಅರ್ಜಿಯನ್ನು ತಳ್ಳಿಹಾಕಿತು. ಹಲವರು ಹಲವು ಕಾಲ ಬಳಸಿದ ಈ ಆಕಾರ ಗ್ರಾಹಕನಿಗೆ ಒಬ್ಬ ತಯಾರಕನ ಗುರುತಾಗಿ ಉಳಿದಿಲ್ಲ, ಗಿಟಾರಿನ ಒಂದು ಬಗೆಯೇ ಆಗಿಬಿಟ್ಟಿದೆ ಎಂಬುದು ತೀರ್ಪಿನ ಸಾರ. ಅರ್ಧ ಶತಮಾನ ಬೇಲಿ ಹಾಕದವನ ಹೊಲದಲ್ಲಿ ಕಾಲುದಾರಿ ಬಿದ್ದಿತ್ತು.

ಭಾರತದಲ್ಲಿಯೂ 2000ದ ವಿನ್ಯಾಸ ಕಾಯಿದೆ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ಮಾತ್ರ ರಕ್ಷಣೆ ನೀಡುತ್ತದೆ. ತಾಂತ್ರಿಕ ಫಲಕ್ಕೆ ಅಗತ್ಯವಾದ ಆಕಾರವನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು 1999ರ ಕಾಯಿದೆಯ 9(3)ನೇ ಕಲಂ ಬಿಡುವುದಿಲ್ಲ.

ಹೆಸರಿನ ಮಾತು ಬೇರೆ. ಅಗ್ಗದ ಗಿಟಾರಿನ ತಲೆಗೆ ಫೆಂಡರ್ ಎಂಬ ಅಂಟುಚೀಟಿ ಹಚ್ಚಿ ಮಾರುವವರು ಆ ಕಾಯಿದೆಯ 103 ಮತ್ತು 104ನೇ ಕಲಮುಗಳಂತೆ 6 ತಿಂಗಳಿಂದ 3 ವರ್ಷದ ಸೆರೆವಾಸಕ್ಕೆ ಗುರಿಯಾಗಬಹುದು. ಅದೇ ಗಿಟಾರನ್ನು ತನ್ನ ಹೆಸರಿನಲ್ಲಿಯೇ ಮಾರುವ ಅಂಗಡಿಕಾರನಿಗೆ ಆ ಭಯವಿಲ್ಲ.